ಸಾಲು ಮರದ ಹಿಂದೆ ಹನ್ನೊಂದು ಗಾಡಿ

ನಮ್ಮ ಕಸುಬಿನಲ್ಲಿ ರೈತರ ಲೆಕ್ಕ ಅಂದ್ರೆ ಬಹಳ ಜನ ಹಿಂಜರಿಯುತ್ತಾರೆ. ಮೆಲ್ಬರ್ನ್‌ನಲ್ಲಿ ಕೂತು ರೆಸ್ಟೋರೆಂಟು, ಟ್ಯಾಕ್ಸಿ, ಕ್ಲೀನಿಂಗ್ ಬಿಸಿನೆಸ್‌ಗಳ ರಿಟರ್ನ್ ಹಾಕೋದು ಸುಲಭ. ರೈತರದ್ದು ಹಾಗಲ್ಲ. ಗೋಧಿ ಇನ್ನೂ ಸೈಲೋದಲ್ಲಿರುತ್ತೆ, ಕುರಿ ಮರಿ ಹಾಕಿರುತ್ತೆ, ರಸೀತಿಗಳು ಬಿಸ್ಕತ್ ಡಬ್ಬದಲ್ಲಿರುತ್ವೆ. ನನಗೆ ಮಾತ್ರ ಅದೇ ಇಷ್ಟ. ತಿಪಟೂರು ಕಡೆಯವನು ನಾನು, ಕೊಬ್ಬರಿ ರೇಟು ಏರೋದು ಇಳಿಯೋದು ನೋಡಿಕೊಂಡೇ ಬೆಳೆದವನು. ಮಳೆ ನೋಡಿ ಮನೆ ನಡೆಸೋರ ಜೊತೆ ಮಾತಾಡೋದಕ್ಕೆ ನನಗೆ ಬೇರೆ ತಯಾರಿ ಬೇಕಾಗಲ್ಲ.

ಕಳೆದ ಏಪ್ರಿಲ್‌ನಲ್ಲಿ ಅಂಥ ಒಂದು ಕೆಲಸಕ್ಕೆ ವಾರಕ್ನಬೀಲ್ ಹತ್ತಿರದ ಫಾರ್ಮ್ ಒಂದಕ್ಕೆ ಹೋಗಿದ್ದೆ. ವೆಸ್ಟರ್ನ್ ಹೈವೇ ಹಿಡಿದು ಬ್ಯಾಲರಟ್, ಸ್ಟಾವೆಲ್ ದಾಟಿ ನಾಲ್ಕು ಗಂಟೆಯ ದಾರಿ. ವಿಮೆರಾ ಅಂತಾರೆ ಆ ಸೀಮೆಗೆ. ಕಣ್ಣು ಹಾಯಿಸಿದಷ್ಟೂ ಸಪಾಟು ನೆಲ, ಬೇಸಿಗೆಯಲ್ಲಿ ಬಿರುಕು ಬಿಡೋ ಬೂದು ಜೇಡಿ. ನಮ್ಮ ಉತ್ತರ ಕರ್ನಾಟಕದವರು ಯಾರಾದ್ರೂ ನೋಡಿದ್ರೆ ಎರೆ ಹೊಲದ ತಮ್ಮ ಅಂತಾರೆ. ಗೋಧಿ, ಬಾರ್ಲಿ, ಮಸೂರ, ಕಡಲೆ ಬೆಳೀತಾರೆ. (ಆ ಕಡೆ ಹೋದವರು ಮರ್ಟೋವಾ ಊರಿನ ಸ್ಟಿಕ್ ಶೆಡ್ ನೋಡದೆ ಬರಬೇಡಿ. ಯುದ್ಧಕಾಲದಲ್ಲಿ ರಫ್ತು ನಿಂತು ಗೋಧಿ ಉಳಿದಾಗ 560 ಮರದ ಕಂಬ ನೆಟ್ಟು ಕಟ್ಟಿದ ಕಣಜ. ಒಳಗೆ ನಿಂತರೆ ನಮ್ಮ ಸಾವಿರ ಕಂಬದ ಬಸದಿ ನೆನಪಾಗುತ್ತೆ, ಕೆತ್ತನೆ ಒಂದಿಲ್ಲ ಅಷ್ಟೇ.)

ಫಾರ್ಮ್ ಯಜಮಾನರು ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಹೆಸರು ಹೇಳೋ ಹಾಗಿಲ್ಲ, ನಮ್ಮ ವೃತ್ತಿಯ ನಿಯಮ. ಹೆಂಡತಿಗೆ ಎಪ್ಪತ್ತು ದಾಟಿದೆ. ಮಗಳು ಬ್ಯಾಲರಟ್‌ನಲ್ಲಿ ನರ್ಸ್, ಮಗ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಗಣಿಯಲ್ಲಿ ಕೆಲಸ. ನೋಡ್ಕೊಳ್ಳೋರು ಯಾರೂ ಇಲ್ಲ. ಪಕ್ಕದ ಜಮೀನಿನವರೇ ಕೊಳ್ಳೋಕೆ ಒಪ್ಪಿದ್ದರು. ಕರಾರಿನಲ್ಲಿ ಒಂದು ಷರತ್ತು ಇತ್ತು: ಅರವತ್ತು ದಿನದೊಳಗೆ ಜಮೀನಿನ ಮೇಲಿರೋ ಹಳೇ ಯಂತ್ರ, ವಾಹನ, ಕಸ ಎಲ್ಲ ತೆರವಾಗಬೇಕು. ನನ್ನ ಕೆಲಸ ಆಸ್ತಿಪಟ್ಟಿ ಮಾಡೋದು. ಪುಸ್ತಕದಲ್ಲಿದ್ದ ವಾಹನ ಮೂರೇ: ಒಂದು ಯೂಟ್, ಒಂದು ಟಿಪ್ಪರ್ ಲಾರಿ, ಮನೆಯ ಕಾರು. ಮೂರಕ್ಕೂ ಫೋಟೋ ಹೊಡೆದೆ. "ಇಷ್ಟೇನಾ?" ಅಂದೆ. ಆಕೆ ಸ್ವಲ್ಪ ಹೊತ್ತು ನನ್ನ ಬೂಟು ನೋಡಿ, "ಬೂಟು ಪರವಾಗಿಲ್ಲ, ಬಾ" ಅಂದರು. ಹಾವಿನ ಕಾಳಜಿ. ಬ್ರೌನ್ ಸ್ನೇಕ್ ಏಪ್ರಿಲ್‌ನಲ್ಲೂ ಬಿಸಿಲು ಕಾಯಿಸಿಕೊಳ್ತಾ ಇರುತ್ತೆ.

ಮನೆಯಿಂದ ಅರ್ಧ ಕಿಲೋಮೀಟರ್ ದೂರ ಒಣಗಿದ ಕಟ್ಟೆ, ಅದರಾಚೆ ಗಾಳಿ ತಡೆಯೋಕೆ ಸಾಲಾಗಿ ನೆಟ್ಟ ನೀಲಗಿರಿ ಜಾತಿಯ ಮರ. ಮರದ ಹಿಂದೆ ಹೋಗಿ ನಿಂತೆ. ಹನ್ನೊಂದು ಗಾಡಿ! ಮೊಣಕಾಲುದ್ದ ಒಣ ಹುಲ್ಲಿನಲ್ಲಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ, ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ನಿಂತಿದ್ವು.

ಸಾಲಿನ ಮೊದಲು ಒಂದು ಮೊಂಡು ಮೂಗಿನ ಮಿಲಿಟರಿ ಲಾರಿ. ಬ್ಲಿಟ್ಜ್ ಅಂತಾರೆ ಇಲ್ಲಿಯವರು. ಎರಡನೇ ಮಹಾಯುದ್ಧಕ್ಕೆ ಕೆನಡಾದ ಫೋರ್ಡ್ ಮತ್ತು ಶೆವ್ರೊಲೆ ಕಾರ್ಖಾನೆಗಳು ಲಕ್ಷಗಟ್ಟಲೆ ಮಾಡಿದ ಗಾಡಿ. ಯುದ್ಧ ಮುಗಿದ ಮೇಲೆ ಸರ್ಕಾರ ಹರಾಜು ಹಾಕಿತು, ರೈತರು ಕೊಂಡರು. ನಮ್ಮ ದೇಶಕ್ಕೂ ಇದರ ಸಂಬಂಧ ಇದೆ. ಇದೇ ಜಾತಿಯ ಕೆನಡಾ ಚಾಸಿ ಮೇಲೆ ಭಾರತದಲ್ಲೇ ಕವಚ ಕೂರಿಸಿ ಸೈನ್ಯಕ್ಕೆ ಗಾಡಿ ಮಾಡಿದ್ದರು. ಈ ಬ್ಲಿಟ್ಜ್ ಬೆನ್ನ ಮೇಲೆ ತುಕ್ಕು ಹಿಡಿದ ನೀರಿನ ಟ್ಯಾಂಕ್ ಹಾಗೇ ಇತ್ತು. ಅದರ ಪಕ್ಕ ಎಫ್‌ಜೆ ಹೋಲ್ಡನ್ ಯೂಟ್. ಹೋಲ್ಡನ್ ಅಂದ್ರೆ ಇವರಿಗೆ ನಮ್ಮ ಅಂಬಾಸಿಡರ್ ಇದ್ದ ಹಾಗೆ. ಮೊದಲನೇ ಕಾರು 1948ರ ನವೆಂಬರ್ 29ರಂದು ಹೊರಬಂದಾಗ ಪ್ರಧಾನಿ ಚಿಫ್ಲಿ ಅವರೇ ಪಕ್ಕದಲ್ಲಿ ನಿಂತು ಬಿಡುಗಡೆ ಮಾಡಿದ್ದರು. ಕೊನೇದು 2017ರ ಅಕ್ಟೋಬರ್ 20ಕ್ಕೆ. ಆಮೇಲೆ ಒಂದು ಕೆಂಪು ಇಂಟರ್‌ನ್ಯಾಷನಲ್ ಲಾರಿ, ಒಂದು ಬೆಡ್‌ಫರ್ಡ್, ಒಂದು ಆಕೊ, ವೇಲಿಯಂಟ್, ಫಾಲ್ಕನ್ ವ್ಯಾಗನ್, ಎಂಜಿನ್ ಇಲ್ಲದ ಲ್ಯಾಂಡ್ ಕ್ರೂಸರ್. ಆಕೊ ತಯಾರಾಗಿದ್ದು ನಮ್ಮ ಡ್ಯಾಂಡಿನಾಂಗ್‌ನಲ್ಲಿ. ಯುದ್ಧದ ನಂತರ ಅಲ್ಲಿನ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಹಡಗಿನಲ್ಲಿ ಬಂದ ಇಟಲಿ, ಗ್ರೀಸ್, ಯುಗೊಸ್ಲಾವಿಯಾದವರು ಬಹಳ. ನಾವು ವಿಮಾನದಲ್ಲಿ ಬಂದೆವು, ಅಷ್ಟೇ ವ್ಯತ್ಯಾಸ.

ಸಾಲಿನ ನಡುವೆ ಒಂದು ಪೊದೆ. ಪೊದೆಯಿಂದ ಗುಂಡಗಿನ ಒಂದು ಟಾಪು, ಉಬ್ಬಿದ ಬೆನ್ನು ಕಾಣ್ತಾ ಇತ್ತು. ನನ್ನ ಬಾಯಿಂದ ಕನ್ನಡದಲ್ಲೇ ಬಂತು: "ಅಯ್ಯೋ, ಅಂಬಾಸಿಡರ್!"

ಆಕೆಗೆ ಅರ್ಥ ಆಗಲಿಲ್ಲ. "ಅದು ಮಾರಿಸ್ ಆಕ್ಸ್‌ಫರ್ಡ್. ನಮ್ಮ ಅತ್ತೆಯದು" ಅಂದರು. ಆಗ ನಾನು ವಿವರಿಸಬೇಕಾಯ್ತು. 1956ರ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನೇ ಹಿಂದೂಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಅನ್ನೋ ಹೆಸರಲ್ಲಿ ಮಾಡಿತು, ಇಂಗ್ಲೆಂಡಿನವರು ಅದನ್ನ ಕೈಬಿಟ್ಟು ಎಷ್ಟೋ ವರ್ಷ ಆದರೂ ನಮ್ಮವರು ಬಿಡಲಿಲ್ಲ, ಮಂತ್ರಿಗಳಿಂದ ಹಿಡಿದು ಮದುವೆ ಗಂಡಿನವರೆಗೆ ಎಲ್ಲರೂ ಅದರಲ್ಲೇ ಓಡಾಡಿದರು ಅಂತ. "ಯಾವಾಗ ನಿಲ್ಲಿಸಿದರು?" ಅಂದರು. "2014, ಮೇ ತಿಂಗಳು." ಆಕೆ ನಂಬಲಿಲ್ಲ. ಫೋನಿನಲ್ಲಿ ಕೋಲ್ಕತ್ತಾದ ಹಳದಿ ಟ್ಯಾಕ್ಸಿಗಳ ಸಾಲು ತೋರಿಸಿದೆ. ಬೇಲಿ ಕಂಬ ಹಿಡಿದುಕೊಂಡು ನಕ್ಕರು ನೋಡಿ, ಗಂಡ ಹೋದ ಮೇಲೆ ಹಾಗೆ ನಕ್ಕಿದ್ದು ಅವತ್ತೇ ಮೊದಲು ಅಂತ ಆಮೇಲೆ ಮಗಳು ಹೇಳಿದಳು. "ನಮ್ಮತ್ತೆ ಇದನ್ನ ನೋಡಿದ್ರೆ ಇಂಡಿಯಾಗೆ ಹೊರಟುಬಿಡ್ತಿದ್ದರು. ಈ ಕಾರನ್ನ ಬೇರೆ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ."

ಬಾಗಿಲು ತೆರೆಯೋಕೆ ಬರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ಸೀಟಿನ ಸ್ಪ್ರಿಂಗ್ ಎದ್ದಿದೆ, ಹಿಂದೆ ಯಾವುದೋ ಹಕ್ಕಿ ಗೂಡು. ಸ್ಟೀರಿಂಗ್ ನಮ್ಮ ಕಡೆಯ ಹಾಗೇ ಬಲಗಡೆ. ಹೊಸದಾಗಿ ಬಂದಾಗ ಡ್ರೈವಿಂಗ್ ಕಲಿಯೋಕೆ ನಮಗೆ ಇದ್ದ ದೊಡ್ಡ ಅನುಕೂಲ ಅದೇ ಅಲ್ವೇ.

ಮುಂದಿನ ಗಾಜಿನ ಮೂಲೆಯಲ್ಲಿ ಒಂದು ಚೀಟಿ ಅಂಟಿತ್ತು. ಬಿಸಿಲಿಗೆ ಬಣ್ಣ ಹೋಗಿದೆ, ಆದರೆ ವರ್ಷ ಓದಬಹುದು: 1974. ರಿಜಿಸ್ಟ್ರೇಷನ್ ಚೀಟಿ. ಈಗಿನವರು ನೋಡಿರಲ್ಲ, ವಿಕ್ಟೋರಿಯಾದಲ್ಲಿ ಕಾರುಗಳಿಗೆ ಈ ಚೀಟಿ ಅಂಟಿಸೋದು 2014ರ ಜನವರಿಯಿಂದ ನಿಂತುಹೋಯ್ತು. ಕೊನೇ ಚೀಟಿ ಅಂದ್ರೆ ಆ ಗಾಡಿ ಕೊನೇ ಸಲ ರಸ್ತೆಗೆ ಇಳಿದ ವರ್ಷ. ಅಕೌಂಟೆಂಟ್ ಬುದ್ಧಿ ಬಿಡಲ್ಲ. ನೋಟ್‌ಬುಕ್ ತೆಗೆದು ಒಂದೊಂದು ಗಾಜನ್ನೂ ಉಜ್ಜಿ ಓದ್ತಾ ಹೋದೆ. ಎಫ್‌ಜೆ ಯೂಟ್ 1964. ಬೆಡ್‌ಫರ್ಡ್ 1979. ಇಂಟರ್‌ನ್ಯಾಷನಲ್ ಲಾರಿ 1984, ವೇಲಿಯಂಟ್ ಕೂಡ 1984. ಆಕೊ 1997. ಲ್ಯಾಂಡ್ ಕ್ರೂಸರ್ 2011.

ನಾನು ಅಂದುಕೊಂಡಿದ್ದು ಏನಪ್ಪಾ ಅಂದ್ರೆ, ಹೀಗೆ ಗಾಡಿಗಳು ತುಕ್ಕು ಹಿಡಿದು ನಿಂತಿರೋದು ಕೆಟ್ಟ ಕಾಲದ ಗುರುತು. ಕೈ ಖಾಲಿಯಾಗಿ, ರಿಪೇರಿಗೆ ಗತಿಯಿಲ್ಲದೆ ಬಿಟ್ಟಿರಬೇಕು ಅಂತ. ಯಾರಿಗಾದ್ರೂ ಹಾಗೇ ಅನಿಸುತ್ತೆ. ಆದರೆ ವರ್ಷಗಳು ಬೇರೆಯೇ ಹೇಳ್ತಾ ಇದ್ವು. 1967ರದ್ದು ಒಂದೂ ಇಲ್ಲ. ಅವತ್ತು ವಿಕ್ಟೋರಿಯಾಕ್ಕೆ ದೊಡ್ಡ ಬರ. 1982, 83ರದ್ದೂ ಇಲ್ಲ. ಆ ಬರ ಎಂಥದ್ದು ಅಂದ್ರೆ 1983ರ ಫೆಬ್ರವರಿ 8ರಂದು ವಿಮೆರಾ, ಮ್ಯಾಲಿ ಕಡೆಯ ಮೇಲ್ಮಣ್ಣು ಗಾಳಿಗೆ ಎದ್ದು ಹೋಗಿ ಮೆಲ್ಬರ್ನ್ ಪಟ್ಟಣ ಮಧ್ಯಾಹ್ನವೇ ಕತ್ತಲಾಗಿತ್ತು. ಆ ವರ್ಷಗಳಲ್ಲಿ ಈ ಮನೆಯವರು ಒಂದು ಗಾಡಿಯನ್ನೂ ನಿಲ್ಲಿಸಲಿಲ್ಲ. ಅದರ ಮುಂದಿನ ವರ್ಷ ನೋಡಿ, ಮಳೆ ಬಂತು, 1983-84ರಲ್ಲಿ ಇಡೀ ದೇಶದಲ್ಲಿ ದಾಖಲೆ ಗೋಧಿ, ಎರಡು ಕೋಟಿ ಟನ್ನಿಗೂ ಮೇಲೆ. ಆಗ ಒಟ್ಟಿಗೆ ಎರಡು ಗಾಡಿ ಮರದ ಹಿಂದೆ ಬಂದು ನಿಂತ್ವು. 1974? ಅದರ ಹಿಂದಿನ ವರ್ಷ ಪ್ರಪಂಚದಲ್ಲೆಲ್ಲ ಗೋಧಿ ಬೆಲೆ ಏರಿತ್ತು. 1978-79, 1996-97 ಎರಡೂ ಭರ್ಜರಿ ಸುಗ್ಗಿ. 2011ಕ್ಕೆ ಮುಂಚೆ ಹತ್ತು ಹನ್ನೆರಡು ವರ್ಷ ಬರ, ಆಮೇಲೆ ಮಳೆ, ಹಾರ್ಶಮ್‌ನಲ್ಲಂತೂ ಪ್ರವಾಹವೇ ಬಂತು.

ಆಕೆಗೆ ಹೇಳಿದೆ. ದೊಡ್ಡದೇನೋ ಕಂಡುಹಿಡಿದೆ ಅನ್ನೋ ಧಾಟಿ ಇತ್ತೇನೋ ನನ್ನ ಮಾತಲ್ಲಿ. ಆಕೆ ಸಲೀಸಾಗಿ ಅಂದರು: "ಮತ್ತೇನು? ಕೆಟ್ಟ ವರ್ಷ ಯಾರು ಗಾಡಿ ನಿಲ್ಲಿಸ್ತಾರೆ? ತಂತಿ ಕಟ್ಟಿ ಓಡಿಸ್ತಾರೆ. ಒಳ್ಳೇ ವರ್ಷ ಬಂದರೆ ತಾನೇ ಹೊಸದು ಬರೋದು, ಹಳೇದು ಇಲ್ಲಿಗೆ ಬರೋದು."

1972ರಲ್ಲಿ ಮದುವೆಯಾಗಿ ಬಂದವರು. ಆಮೇಲಿಂದ ಬಂದು ನಿಂತ ಒಂದೊಂದು ಗಾಡಿಯ ದಿನವೂ ಅವರಿಗೆ ಗೊತ್ತು. ಇಂಟರ್‌ನ್ಯಾಷನಲ್ ಲಾರಿಯನ್ನ 1984ರ ಕೊಯ್ಲು ಮುಗಿದ ಮೇಲೆ ಗಂಡ ತಾನೇ ಓಡಿಸಿಕೊಂಡು ಬಂದು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಇಳಿಯದೆ ಸುಮಾರು ಹೊತ್ತು ಒಳಗೇ ಕೂತಿದ್ದರಂತೆ. ಆಕೆ ಊಟಕ್ಕೆ ಕರೆಯೋಕೆ ಬಂದು, ನೋಡಿ, ಹಾಗೇ ವಾಪಸ್ ಹೋದರಂತೆ. ಇಡೀ ಬರದಲ್ಲಿ ಕುರಿಗಳಿಗೆ ಮೇವು ತಂದದ್ದು ಅದೇ ಲಾರಿ.

ಇನ್ನೊಂದು ವಿಷಯ ಗಮನಿಸಿದೆ. ಇವನ್ನ "ಎಸೆದದ್ದು" ಅಂತ ಆಕೆ ಒಂದು ಸಲವೂ ಅನ್ನಲಿಲ್ಲ, "ನಿಲ್ಲಿಸಿದ್ದು" ಅಂತಲೇ ಅಂದರು. ಅದು ನಿಜವೇ. ಬ್ಲಿಟ್ಜ್‌ನ ಒಂದು ಆಕ್ಸಲ್ ಈಗ ಧಾನ್ಯದ ಟ್ರೇಲರ್ ಕೆಳಗಿದೆ. ಬೆಡ್‌ಫರ್ಡ್ ಗೇರ್‌ಬಾಕ್ಸ್ ಎಲ್ಲೋ ಪಂಪಿಗೆ ಹೋಗಿದೆ. ವೇಲಿಯಂಟ್‌ನ ಮುಂದಿನ ಸೀಟು ಉಣ್ಣೆ ಕತ್ತರಿಸೋ ಶೆಡ್‌ನಲ್ಲಿ ಟೀ ಕುಡಿಯೋಕೆ ಕೂರೋ ಸೋಫಾ. ಅಂಗಡಿ ಎಪ್ಪತ್ತು ಮೈಲಿ ದೂರ ಇರೋ ಕಡೆ ಹಳೇ ಗಾಡಿ ಅಂದ್ರೆ ಬೋಲ್ಟು, ಸ್ಪ್ರಿಂಗು, ತಗಡಿನ ಉಗ್ರಾಣ. ಗುಜರಿಗೆ ಸಾಗಿಸೋ ಬಾಡಿಗೆ ಗುಜರಿ ಬೆಲೆಗಿಂತ ಜಾಸ್ತಿ. ಜಾಗಕ್ಕೆ ಬರ ಇಲ್ಲ. ಮಳೆ ಕಮ್ಮಿ, ಸಮುದ್ರ ದೂರ, ಹಾಗಾಗಿ ಕಬ್ಬಿಣ ನಿಧಾನವಾಗಿ ಕರಗುತ್ತೆ. ನಮ್ಮ ಮಂಗಳೂರು ಕಡೆ ಹೀಗೆ ಬಿಟ್ಟಿದ್ರೆ ನಾಲ್ಕು ಮಳೆಗಾಲಕ್ಕೆ ಜಾಲರಿ ಆಗ್ತಿತ್ತು.

ಈಗ ವ್ಯವಹಾರಕ್ಕೆ ಬರೋಣ. ಮಗಳಿಗೆ ಅವಸರ. ಅವಳನ್ನ ತಪ್ಪು ಅನ್ನೋಕಾಗಲ್ಲ. ವಾರಕ್ಕೊಂದು ರಜೆ, ಅಮ್ಮನಿಗೆ ಹಾರ್ಶಮ್‌ನಲ್ಲಿ ಚಿಕ್ಕ ಮನೆ ನೋಡಬೇಕು, ಅರವತ್ತು ದಿನದಲ್ಲಿ ಇಪ್ಪತ್ತು ಆಗಲೇ ಕಳೆದಿತ್ತು. ಒಬ್ಬ ಗುಜರಿಯವನನ್ನ ಕರೆಸಿ, ಹನ್ನೊಂದಕ್ಕೂ ಸೇರಿಸಿ ಒಂದು ಮೊತ್ತಕ್ಕೆ ಮಾತಾಡಿ ಮುಗಿಸಿದ್ದಳು, ಬಾಯಿಮಾತಿನಲ್ಲಿ. ನನ್ನನ್ನ ಕೇಳಿದ್ದು ಇಷ್ಟೇ: "ಪುಸ್ತಕದಲ್ಲಿ ಇವುಗಳ ಬೆಲೆ ಸೊನ್ನೆ ತಾನೇ?"

ಹೌದು, ಸೊನ್ನೆ. ಬಿಕಾಂ ಓದುವಾಗ ಸವಕಳಿ ಪಾಠದಲ್ಲಿ ಪ್ರತಿ ಲೆಕ್ಕವೂ ಒಂದು ಮೋಟಾರು ಲಾರಿಯಿಂದಲೇ ಶುರುವಾಗ್ತಿತ್ತು, ನಿಮ್ಮಲ್ಲಿ ಕಾಮರ್ಸ್ ಓದಿದವರಿಗೆ ನೆನಪಿರುತ್ತೆ. ಸ್ಥಿರ ಕಂತು ಪದ್ಧತಿಯಲ್ಲಿ ಬೆಲೆ ಒಂದು ದಿನ ಸೊನ್ನೆ ಮುಟ್ಟುತ್ತೆ. ಇಳಿಕೆ ಬಾಕಿ ಪದ್ಧತಿಯಲ್ಲಿ ಎಷ್ಟು ವರ್ಷ ಕಳೆದರೂ ಏನೋ ಒಂಚೂರು ಉಳಿದೇ ಉಳಿಯುತ್ತೆ. ಆದರೆ ಎರಡೂ ಪುಸ್ತಕದ ಬೆಲೆಗಳು, ಸಂತೆಯ ಬೆಲೆ ಅಲ್ಲ. ಇದನ್ನೇ ಅವಳಿಗೆ ಹೇಳಿದೆ. ಎಫ್‌ಜೆ ಯೂಟ್‌ಗೂ ಬ್ಲಿಟ್ಜ್‌ಗೂ ಈ ದೇಶದಲ್ಲಿ ಹುಚ್ಚು ಹಿಡಿದ ಗಿರಾಕಿಗಳಿದ್ದಾರೆ, ಹಳೇ ವಾಹನ ತಿಳಿದ ಒಬ್ಬ ವ್ಯಾಲ್ಯುಯರ್ ಬಂದು ನೋಡೋವರೆಗೆ ಒಂದು ಚಕ್ರವೂ ಕದಲಬಾರದು. ಎಸ್ಟೇಟಿನ ಆಸ್ತಿ ಇದು, ನಿನ್ನ ತಮ್ಮನಿಗೂ ಪಾಲಿದೆ, ನಾಳೆ ಮಾತು ಬರೋದು ಬೇಡ. ಅವಳಿಗೆ ಸಿಟ್ಟು ಬಂತು. ಫೋನಿನಲ್ಲಿ ತಮ್ಮನ ಜೊತೆ ಜೋರು ದನಿಯಲ್ಲೇ ಮಾತಾಡಿದಳು. ಅಮ್ಮ ಒಳಗೆ ಹೋಗಿ ಕೆಟಲ್ ಹಚ್ಚಿದರು. ಲೆಕ್ಕದವನು ಇಂಥ ಹೊತ್ತಲ್ಲಿ ಫೈಲ್ ಒಳಗೆ ಮುಖ ಇಟ್ಟುಕೊಂಡಿರಬೇಕು, ಹಾಗೇ ಇದ್ದೆ.

ವ್ಯಾಲ್ಯುಯರ್ ಬಂದು ನೋಡಿದ. ಆ ಯೂಟ್ ಒಂದಕ್ಕೇ ಅವನು ಕಟ್ಟಿದ ಬೆಲೆ, ಗುಜರಿಯವನು ಹನ್ನೊಂದಕ್ಕೂ ಸೇರಿಸಿ ಹೇಳಿದ್ದಕ್ಕಿಂತ ಹಲವು ಪಟ್ಟು. ಮಗ ಪಿಲ್ಬರಾದಿಂದ ಹಾರಿಬಂದು ಯೂಟನ್ನ ತನ್ನ ಪಾಲಿಗೆ ಬರೆಸಿಕೊಂಡ. ಮಾರಲ್ಲವಂತೆ. ಬ್ಲಿಟ್ಜ್ ವಿಷಯದಲ್ಲಿ ಯಾರೂ ಎಣಿಸದ್ದು ನಡೀತು. ಜಮೀನು ಕೊಂಡ ನೆರೆಯವರೇ, ಎಲ್ಲ ತೆರವು ಮಾಡಿ ಅಂತ ಷರತ್ತು ಹಾಕಿದವರೇ, "ಅದೊಂದು ಇರಲಿ ಬಿಡಿ, 67ರ ಬರದಲ್ಲಿ ನಮ್ಮನೆಗೂ ನೀರು ತಂದಿದ್ದು ಅದೇ" ಅಂದರು. ಕರಾರಿಗೆ ಒಂದು ಸಾಲು ಸೇರಿಸಿ ಸಹಿ ಹಾಕಿದ್ದಾಯ್ತು. ಮಿಕ್ಕ ಒಂಬತ್ತರ ಬ್ಯಾಟರಿ, ಎಣ್ಣೆ ಎಲ್ಲ ತೆಗೆಸಿ, ಹಳೇ ಬ್ರೇಕಿನಲ್ಲಿ ಕಲ್ನಾರು ಇರುತ್ತೆ ಅಂತ ಗುಜರಿಯವನಿಗೆ ಮೊದಲೇ ಹೇಳಿ ಕಳಿಸಿದರು. ಆಕ್ಸ್‌ಫರ್ಡ್ ಕೂಡ ಅದರಲ್ಲೇ ಹೋಯ್ತು. ಯಾರೂ ಕೇಳಲಿಲ್ಲ ಅದನ್ನ. ನಾನು ಆಕೆಗೆ ಹೇಳಿದ್ದೆ, ರಿಪೇರಿ ಮಾಡೋ ಮನಸ್ಸಿದ್ದರೆ ಬಿಡಿಭಾಗ ಇಂಡಿಯಾದಿಂದ ತರಿಸಬಹುದು ಅಂತ. ಆಕೆ ಒಂದು ಕ್ಷಣ ಯೋಚಿಸಿ, "ಓಡಿಸೋರು ಬೇಕಲ್ಲ" ಅಂದರು.

ಇಷ್ಟೆಲ್ಲ ಬರೆಯೋಕೆ ಕಾರಣ ಇದೆ. ಊರಲ್ಲಿ ನಮ್ಮ ಮನೆಯ ಕೊಬ್ಬರಿ ಶೆಡ್ ಪಕ್ಕದಲ್ಲೂ ಒಂದು ಗಾಡಿ ನಿಂತಿದೆ. ಅಪ್ಪನ ಅಂಬಾಸಿಡರ್, ಡೀಸೆಲ್. ತಿಪಟೂರು ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷ ಟ್ಯಾಕ್ಸಿ ಓಡಿಸಿದರು. ನನ್ನ ಕಾಲೇಜು ಫೀಸು, ಅಕ್ಕನ ಮದುವೆ, ಬೆಂಗಳೂರಿಗೆ ನನ್ನ ಮೊದಲ ಸಾಮಾನು, ಎಲ್ಲ ಅದೇ ಹೊತ್ತಿದ್ದು. 2007ರಲ್ಲಿ ನಾನು ಇಲ್ಲಿಗೆ ಬಂದೆ. 2010ರಲ್ಲಿ ಕೆಲಸ ಪರ್ಮನೆಂಟ್ ಆಯ್ತು, ಮನೆಗೆ ದುಡ್ಡು ಕಳಿಸಿದೆ, ತಮ್ಮ ಒಂದು ಬಿಳಿ ಸ್ವಿಫ್ಟ್ ತಂದ. ಅಪ್ಪ ಹಳದಿ ಬೋರ್ಡ್ ತೆಗೆಸಿ ಬಿಳಿ ಬೋರ್ಡ್ ಮಾಡಿಸಿ, ಅಂಬಾಸಿಡರ್ ತಂದು ಶೆಡ್ ಪಕ್ಕ ನಿಲ್ಲಿಸಿ ಟಾರ್ಪಾಲು ಹೊದಿಸಿದರು. ಅಷ್ಟು ವರ್ಷದಲ್ಲಿ ಎಷ್ಟೋ ಸಲ ಊರಿಗೆ ಹೋದಾಗ ಆ ಟಾರ್ಪಾಲು ನೋಡಿ ನನಗೆ ಏನೋ ಸಂಕಟ ಆಗ್ತಿತ್ತು. ಮುದುಕರಾದರು, ಕೈಲಾಗದೆ ನಿಲ್ಲಿಸಿದರು, ನಾನು ದೂರ ಇದ್ದೆ ಅಂತ. ವಾರಕ್ನಬೀಲ್‌ನಿಂದ ವಾಪಸ್ ಬರ್ತಾ, ಬ್ಯಾಲರಟ್ ಹತ್ತಿರ ಕಾಫಿಗೆ ನಿಲ್ಲಿಸಿದಾಗ, ಮನಸ್ಸಿನಲ್ಲೇ ಆ ಗಾಡಿಗೂ ಒಂದು ಚೀಟಿ ಅಂಟಿಸಿ ನೋಡಿದೆ: 2010. ನಮ್ಮ ಮನೆಯ ಒಳ್ಳೇ ವರ್ಷ.

ಅಪ್ಪ ಕಳೆದ ನವೆಂಬರ್‌ನಲ್ಲಿ ತೀರಿಕೊಂಡರು. ತಮ್ಮನಿಗೆ ಶೆಡ್ ಜಾಗ ಬೇಕು. ಇಲಿ ವೈರು ಕಡಿದಿವೆ, ಹಾವು ಸೇರ್ಕೊಂಡರೆ ಮಕ್ಕಳ ಗತಿ ಏನು ಅಂತಾನೆ. ಅವನ ಮಾತಲ್ಲೂ ನ್ಯಾಯ ಇದೆ. ತಿಂಗಳಿಗೊಮ್ಮೆ ಅದೇ ಪ್ರಶ್ನೆ: "ಏನ್ಮಾಡೋಣ ಹೇಳಣ್ಣ."

ನಿಮ್ಮಲ್ಲೂ ಹಲವರ ಮನೆಯಲ್ಲಿ ಹೀಗೊಂದು ಬಜಾಜ್ ಚೇತಕ್ಕೋ, ಜೀಪೋ, ಟ್ರ್ಯಾಕ್ಟರೋ ನಿಂತಿರುತ್ತೆ ಅಂತ ನನಗೆ ಗೊತ್ತು. ಅದಕ್ಕೆ ಕಾಗದಪತ್ರದ ಮಾತು ಒಂದೆರಡು. ಆರ್‌ಸಿ ತೀರಿಕೊಂಡವರ ಹೆಸರಲ್ಲಿದ್ದರೆ, ಗಾಡಿ ಇಟ್ಟುಕೊಳ್ಳೋರು ಸಾವಾದ 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಬೇರೆ ವಾರಸುದಾರರ ಒಪ್ಪಿಗೆ ಪತ್ರ ಕೇಳ್ತಾರೆ, ವಿದೇಶದಲ್ಲಿರೋ ನಮ್ಮ ಸಹಿ ಅಲ್ಲೇ ತಡವಾಗೋದು, ಊರಿಗೆ ಹೋದಾಗಲೇ ಮುಗಿಸಿಬಿಡಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಣ. ಗುಜರಿಗೆ ಹಾಕೋದೇ ಅಂತಾದರೆ ರಸ್ತೆ ಬದಿಯ ಗುಜರಿ ಅಂಗಡಿಗೆ ಕೊಡಬೇಡಿ. 2021ರ ನಿಯಮದ ಪ್ರಕಾರ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಗಳಿವೆ. ಅಲ್ಲಿ ಕೊಟ್ಟು ಸರ್ಟಿಫಿಕೇಟ್ ತಗೊಂಡು ಆರ್‌ಸಿ ರದ್ದು ಮಾಡಿಸಿ. ಇಲ್ಲದಿದ್ದರೆ ನಿಮ್ಮಪ್ಪನ ಹೆಸರಿನ ನಂಬರ್ ಪ್ಲೇಟು, ಚಾಸಿ ನಂಬರು ಇನ್ಯಾವುದೋ ಗಾಡಿ ಮೇಲೆ ಎಲ್ಲೋ ಓಡ್ತಿರುತ್ತೆ.

ನಮ್ಮದರ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಅಮ್ಮ ಏನೂ ಹೇಳ್ತಿಲ್ಲ. ಬಾಡಿ ಗಟ್ಟಿ ಇದೆ, ಎಂಜಿನ್ ಹಿಡ್ಕೊಂಡಿದೆಯೋ ಇಲ್ಲವೋ ಬಿಚ್ಚಿ ನೋಡಬೇಕು, ಬಿಚ್ಚೋಕೆ ಗೊತ್ತಿರೋ ಹಳೇ ಮೇಸ್ತ್ರಿಗಳು ನಮ್ಮೂರಲ್ಲಿ ಈಗ ಯಾರೂ ಉಳಿದಿಲ್ಲ ಅಂತ ತಮ್ಮನ ಅಂಬೋಣ. ಜನವರಿಯಲ್ಲಿ ಮೂರು ವಾರ ಹೋಗ್ತಿದ್ದೀನಿ. ತಿಪಟೂರು, ಅರಸೀಕೆರೆ, ಹಾಸನದ ಕಡೆ ಅಂಬಾಸಿಡರ್ ಡೀಸೆಲ್ ಎಂಜಿನ್ ಕೆಲಸ ಇನ್ನೂ ಮಾಡೋ ಮೆಕ್ಯಾನಿಕ್ ಯಾರಾದ್ರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಸಂಪಾದಕರ ಮೂಲಕ ತಿಳಿಸಿ. ಬಂದು ನೋಡೋ ಖರ್ಚು ನಾನು ಕೊಡ್ತೀನಿ.